ಗೇರ್‌ಬಾಕ್ಸ್ ಇಳಿಸೋ ಮೊದಲು ಲಾಗ್ ನೋಡಿ

ಇವತ್ತು ಕೋಡ್ ಬದಿಗಿಟ್ಟು ಕಾರಿನ ವಿಷಯ ಮಾತಾಡೋಣ. ಆದ್ರೆ ಡೀಬಗ್ಗಿಂಗ್ ಬಿಡಲ್ಲ, ಹೆದರಬೇಡಿ.

ಆಟೊಮ್ಯಾಟಿಕ್ ಕಾರು 70-80ರ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟಾಗ, ರಂಬಲ್ ಪಟ್ಟಿ ಮೇಲೆ ಹೋದ ಹಾಗೆ ಗಡಗಡ ನಡುಗುತ್ತೆ. ಏನಿದು? ಅಂದ ಹಾಗೆ, ಎಎಂಟಿ ಗಾಡಿಯವರಿಗೆ ಈ ಮಾತು ಅನ್ವಯಿಸಲ್ಲ. ಅದರಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ. ಎರಡು ಪೆಡಲ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ.

ಕನ್ವರ್ಟರ್ ಅಂದ್ರೆ ಎದುರುಬದುರು ಇಟ್ಟ ಎರಡು ಫ್ಯಾನ್ ಅಂದುಕೊಳ್ಳಿ. ಎಂಜಿನ್ ತಿರುಗಿಸೋ ಇಂಪೆಲರ್ ಎಣ್ಣೆಯನ್ನು ಟರ್ಬೈನ್ ಮೇಲೆ ಎಸೆಯುತ್ತೆ, ಟರ್ಬೈನ್ ಗೇರ್‌ಬಾಕ್ಸನ್ನು ತಿರುಗಿಸುತ್ತೆ. ನಡುವೆ ಎಣ್ಣೆ ಇರೋದರಿಂದ ಸ್ವಲ್ಪ ಜಾರುತ್ತೆ, ಇಂಧನ ವ್ಯರ್ಥ ಆಗುತ್ತೆ. ಅದಕ್ಕೇ ಒಂದೇ ವೇಗದಲ್ಲಿ ಹೋಗುವಾಗ ಲಾಕಪ್ ಕ್ಲಚ್ ಎರಡನ್ನೂ ಬಿಗಿಯಾಗಿ ಹಿಡಿಯುತ್ತೆ. ಈ ಕ್ಲಚ್ ಸವೆದರೆ, ಅಥವಾ ಎಣ್ಣೆ ಕೆಟ್ಟಿದ್ದರೆ, ಹಿಡಿದು-ಬಿಟ್ಟು ಮಾಡುತ್ತೆ. ಅದೇ ನಡುಕ.

ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಹೊರಡೋಕೆ ನಾಲ್ಕು ದಿನ ಇದ್ದಾಗ ನನ್ನ ಗಾಡಿ ಹೀಗೇ ಶುರು ಮಾಡ್ತು. ವರ್ಕ್‌ಶಾಪಿನವರು ಓಡಿಸಿ ನೋಡಿದ್ರು. ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕನ್ನು ಮೆಲ್ಲಗೆ ಮುಟ್ಟಿದ್ರು. ಬ್ರೇಕ್ ಸ್ವಿಚ್ ಸಿಗ್ನಲ್ ಹೋದ ಕೂಡಲೇ ಲಾಕಪ್ ಬಿಡುತ್ತೆ. ನಡುಕ ನಿಂತಿತು. "ಕನ್ವರ್ಟರ್ ಹೋಗಿದೆ ಸರ್, ಗೇರ್‌ಬಾಕ್ಸ್ ಇಳಿಸಬೇಕು" ಅಂತ ಎರಡು ಲಕ್ಷದ ಹತ್ತಿರ ಎಸ್ಟಿಮೇಟ್ ಕೈಗಿಟ್ರು. ಮನೆ ಸಾಲದ ಕಂತು ಕಟ್ಟೋರಿಗೆ ಆ ಹಾಳೆ ಎಷ್ಟು ಭಾರ ಅಂತ ಹೇಳಬೇಕಿಲ್ಲ.

ಪರೀಕ್ಷೆ ಸರಿಯಾದದ್ದೇ, ತೀರ್ಮಾನ ಮಾತ್ರ ಅವಸರದ್ದು. ಯಾಕಂದ್ರೆ ಎಂಜಿನ್ ಸಣ್ಣಗೆ ಮಿಸ್‌ಫೈರ್ ಆಗ್ತಿದ್ರೂ ಇದೇ ರೀತಿ ಕಾಣಿಸುತ್ತೆ! ಲಾಕಪ್ ಬಿಟ್ಟಾಗ ಎಣ್ಣೆ ಆ ಪೆಟ್ಟನ್ನು ನುಂಗಿಬಿಡುತ್ತೆ. ಲಾಕ್ ಆದಾಗ ಪೆಟ್ಟು ನೇರ ಸೀಟಿಗೆ ಬರುತ್ತೆ.

ಬೇರ್ಪಡಿಸೋದು ಹೇಗೆ? ಸ್ಕ್ಯಾನರ್ ಹಾಕಿ, ಎಂಜಿನ್ ಆರ್‌ಪಿಎಂನಿಂದ ಟರ್ಬೈನ್ ಆರ್‌ಪಿಎಂ ಕಳೆಯಿರಿ. ಅದೇ ಸ್ಲಿಪ್. ನಡುಗುವಾಗ ಸ್ಲಿಪ್ ಕುಣಿದಾಡಿದರೆ ಕ್ಲಚ್ ಮೇಲೆ ಅನುಮಾನ. ಹೊಸ ಗಾಡಿಗಳಲ್ಲಿ ಕಂಪ್ಯೂಟರೇ ಬೇಕಂತ ಸ್ವಲ್ಪ ಸ್ಲಿಪ್ ಇಡುತ್ತೆ, ಆದ್ದರಿಂದ ಸೊನ್ನೆ ಬರಲಿಲ್ಲ ಅಂತ ಗಾಬರಿ ಬೇಡ, ಸ್ಥಿರವಾಗಿದೆಯಾ ನೋಡಿ. ನನ್ನದರಲ್ಲಿ ಸ್ಲಿಪ್ ಅಲುಗಾಡಲಿಲ್ಲ. ಆದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ಏರುತ್ತಿತ್ತು. ಇಗ್ನಿಷನ್ ಕಾಯಿಲನ್ನು ಒಂದನೇ ಸಿಲಿಂಡರಿಗೆ ಬದಲಾಯಿಸಿದೆ, ಮಿಸ್‌ಫೈರೂ ಅದರ ಹಿಂದೆಯೇ ಹೋಯ್ತು. ಕಾಯಿಲ್ ಹೊಸದು ಹಾಕಿಸಿ ಊರಿಗೆ ಹೊರಟ್ವಿ.

ಕನ್ವರ್ಟರದ್ದೇ ತೊಂದರೆ ಆದ್ರೂ ಮೊದಲು ಎಣ್ಣೆ ನೋಡಿಸಿ. ಕಂಪನಿ ಹೇಳಿದ ದರ್ಜೆಯದೇ ಇರಬೇಕು. ತಪ್ಪು ಎಣ್ಣೆಯೊಂದೇ ನಡುಕ ತರಿಸಬಲ್ಲದು. ಪಿ0741 ಕೋಡ್ ಅಂದ್ರೆ ಲಾಕಪ್ ಹಿಡೀತಿಲ್ಲ, ಪಿ0742 ಅಂದ್ರೆ ಬಿಡ್ತಿಲ್ಲ. ಎರಡನೆಯದರಲ್ಲಿ ಸಿಗ್ನಲ್‌ನಲ್ಲಿ ನಿಲ್ಲಿಸುವಾಗ ಎಂಜಿನ್ ಆಫ್ ಆಗಬಹುದು.

ಇನ್ನೊಂದು, ಅಗ್ಗದ ಆಪ್‌ಗಳಲ್ಲಿ ಟರ್ಬೈನ್ ಆರ್‌ಪಿಎಂ ಎಷ್ಟೋ ಸಲ ಸಿಗಲ್ಲ. ನಿಮ್ಮ ಬ್ರ್ಯಾಂಡಿನ ಡೇಟಾ ಓದೋ ಸ್ಕ್ಯಾನರ್ ಬೇಕು. ಓಡಿಸುವವರೊಬ್ಬರು, ಸ್ಕ್ರೀನ್ ನೋಡುವವರು ಇನ್ನೊಬ್ಬರು ಇರಲಿ.