ಬಿಗಿ ಬೇರೆ, ಹಿಡಿತ ಬೇರೆ



ಅಧ್ಯಾಪಕರೂ ಮೇಸ್ತ್ರಿಗಳೂ ಸೇರಿರುವ ಈ ವಿಚಾರ ಸಂಕಿರಣದ ಆಶಯ ಭಾಷಣ ನನ್ನದು. ಮೂವತ್ತನಾಲ್ಕು ವರ್ಷ ಯಂತ್ರ ವಿನ್ಯಾಸದ ಪಾಠ ಹೇಳಿದವನು ನಾನು. ಅದರಲ್ಲಿ ಬಹುಕಾಲ ಇದೇ ಅನ್ನಪೂರ್ಣೇಶ್ವರಿ ನಗರದ ವಾಸ. ಬೆಳಗಿನ ವಾಕಿಂಗಿಗೆ ಹೊರಟರೆ ಹೊರ ವರ್ತುಲ ರಸ್ತೆಯ ಅಂಚಿನಲ್ಲಿ ನಿಂತು, ಸುಮನಹಳ್ಳಿ ಕಡೆಯಿಂದ ಮೈಸೂರು ರಸ್ತೆಗೆ ಇಳಿಯುವ ಲಾರಿಗಳ ಚಕ್ರ ನೋಡುವುದು ನನ್ನ ಬಹುದಿನದ ಅಭ್ಯಾಸ. ನಟ್ಟಿನ ಬುಡದಿಂದ ಹೊರಕ್ಕೆ, ಮಕ್ಕಳು ಬರೆಯುವ ಸೂರ್ಯನ ಕಿರಣದ ಹಾಗೆ, ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತಿದೆ ಎಂದು ತಿಳಿಯಬೇಕು. ಹೊರಗಿನಿಂದ ನೋಡಿದರೆ ಆ ನಟ್ಟು ಬಿಗಿಯಾಗಿಯೇ ಕಾಣುತ್ತದೆ. ಆದರೆ ಚಕ್ರದ ಮೇಲೆ ಅದರ ಹಿಡಿತ ಹೋಗಿರುತ್ತದೆ.

ಈ ಎರಡು ಮಾತುಗಳ ನಡುವಿನ ಅಂತರವನ್ನು ಹೇಳಲೆಂದೇ ನಾನು ಇಲ್ಲಿ ನಿಂತಿದ್ದೇನೆ. ಬಿಗಿ ಬೇರೆ, ಹಿಡಿತ ಬೇರೆ. ನಮ್ಮ ಶಾಸ್ತ್ರ ಬಿಗಿಯನ್ನು ಅಳೆಯುತ್ತಾ ಹಿಡಿತವನ್ನು ಮರೆಯಿತು. ಇದು ನನ್ನ ಹಳೆಯ ನಂಬಿಕೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕಾರಿಗೆ ನಾಲ್ಕೂ ಹೊಸ ಟೈರು ಹಾಕಿಸಿ, ಮನೆಯವರನ್ನು ಕರೆದುಕೊಂಡು ಮಾಗಡಿಗೆ ಹೊರಟಿದ್ದೆ. ತಾವರೆಕೆರೆ ದಾಟಿದ ಮೇಲೆ ಹಿಂದಿನಿಂದ ಕಟಕಟ ಸದ್ದು. ವೇಗ ಕಡಿಮೆಯಾದಾಗ ಜೋರು, ಹೆಚ್ಚಿಸಿದಾಗ ಮೌನ. ಇಳಿದು ನೋಡಿದರೆ ಎಡ ಹಿಂದಿನ ಚಕ್ರದ ನಾಲ್ಕು ನಟ್ಟುಗಳಲ್ಲಿ ಮೂರು ಬೆರಳಿಗೇ ತಿರುಗುತ್ತಿದ್ದವು. ಮಾರನೆಯ ದಿನ ಟೈರು ಹಾಕಿಸಿದ್ದ ಅಂಗಡಿಗೆ ಹೋಗಿ ಹೇಳಿದಾಗ, ಚಕ್ರ ಹಾಕಿದ್ದ ಹುಡುಗ ಗಾಬರಿಯಾಗಿ ಏರ್ ಗನ್ ಹಿಡಿದು, ಸದ್ದು ನಿಲ್ಲಿಸದೆ ಬಹಳ ಹೊತ್ತು ಬಿಗಿದ. ನಾಲ್ಕು ತಿಂಗಳ ನಂತರ ಮಳೆಯ ರಾತ್ರಿಯಲ್ಲಿ ಪಂಕ್ಚರ್. ಸ್ಟೆಪ್ನಿ ಹಾಕಲು ಜಾಕಿ ತೆಗೆದೆ. ಪಾನಾ ಮೇಲೆ ಕಾಲಿಟ್ಟು ನಿಂತರೂ ನಟ್ಟು ಅಲುಗಲಿಲ್ಲ. ಕೊನೆಗೆ ಅಲುಗಿದಾಗ, ನಟ್ಟು ಕೂರುವ ಸ್ಟಡ್ಡೇ ಮುರಿದು ಕೈಗೆ ಬಂತು. ಅದೇ ಕಾರು, ಅದೇ ಹುಡುಗ, ಅದೇ ವರ್ಷ. ಮೊದಲು ಕಳಚುವಷ್ಟು ಸಡಿಲವಾಗಿದ್ದದ್ದು ಆಮೇಲೆ ಮುರಿಯುವಷ್ಟು ಬಿಗಿಯಾಗಿತ್ತು.

ಅಂದು ಆ ಹುಡುಗನ ಮೇಲೆ ನನಗೆ ಸಿಟ್ಟು ಬಂದಿತ್ತು. ಆಮೇಲೆ ನನ್ನ ತರಗತಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆದು ನೋಡಿದೆ. ಇಷ್ಟು ಭಾರ ಹೊರಬೇಕಾದ ಬೋಲ್ಟಿನ ವ್ಯಾಸ ಎಷ್ಟು? ಉತ್ತರ: ಹನ್ನೆರಡು ಮಿಲಿಮೀಟರ್. ಹತ್ತು ಅಂಕ. ಅಲ್ಲಿಗೆ ಮುಗಿಯಿತು. ಆ ಬೋಲ್ಟನ್ನು ಬಿಗಿಯುವವರು ಯಾರು, ಯಾವುದರಿಂದ, ಎಷ್ಟು, ಯಾವ ಕ್ರಮದಲ್ಲಿ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಬಿಗಿಯುವುದನ್ನು ಕೂಲಿ ಎಂದುಕೊಂಡೆವು, ವಿದ್ಯೆ ಎಂದುಕೊಳ್ಳಲಿಲ್ಲ. ನಾವು ದಾರಿ ತಪ್ಪಿದ್ದು ಅಲ್ಲಿ.

ಶಾಸ್ತ್ರದ ಚರಿತ್ರೆಯನ್ನು ನಾನು ವಿಸ್ತರಿಸುವುದಿಲ್ಲ. ಲೋಹದ ದಣಿವಿನ ಮೇಲೆ ಬದುಕಿಡೀ ಕೆಲಸ ಮಾಡಿದ ಗೆಳೆಯರು ಮುಂದಿನ ಸಾಲಿನಲ್ಲೇ ಇದ್ದಾರೆ, ಮಧ್ಯಾಹ್ನದ ಗೋಷ್ಠಿ ಅವರದು. ಘರ್ಷಣೆಯ ಬಗ್ಗೆ ಪ್ರಬಂಧ ಮಂಡಿಸಲಿರುವ ಮೇಡಂ ನನ್ನ ವಿದ್ಯಾರ್ಥಿನಿಯಾಗಿದ್ದವರು, ಈಗ ನಾನು ಅವರಿಂದ ಕಲಿಯುತ್ತಿದ್ದೇನೆ. 1969ರಲ್ಲಿ ಜರ್ಮನಿಯ ಗೆರ್ಹಾರ್ಡ್ ಯುಂಕರ್ ತೋರಿಸಿಕೊಟ್ಟ ಒಂದು ಸಂಗತಿಯನ್ನು ಮಾತ್ರ ನೆನೆಯುತ್ತೇನೆ. ಬೋಲ್ಟಿನ ಉದ್ದಕ್ಕೆ ಎಳೆದಾಡಿದರೆ ನಟ್ಟು ಅಷ್ಟು ಸುಲಭವಾಗಿ ಬಿಚ್ಚುವುದಿಲ್ಲ. ಹಿಡಿದಿಟ್ಟ ಎರಡು ಮುಖಗಳು ಅಡ್ಡಡ್ಡಲಾಗಿ ಜಾರತೊಡಗಿದರೆ, ಯಾರೂ ಮುಟ್ಟದೆಯೇ ನಟ್ಟು ತಾನಾಗಿ ತಿರುಗಿ ಬಿಚ್ಚುತ್ತದೆ. ಆದ್ದರಿಂದ ಚಕ್ರವನ್ನು ಕಾಯುವುದು ನಟ್ಟಿನ ಗಡಸುತನವಲ್ಲ, ಚಕ್ರ ಹಬ್ಬಿನ ಮೇಲೆ ಜಾರದಂತೆ ತಡೆಯುವ ಹಿಡಿತ.

ಆ ಹಿಡಿತ ಎಲ್ಲಿಂದ ಬರುತ್ತದೆ? ಸ್ಟಡ್ಡು ಹಿಗ್ಗುವುದರಿಂದ. ನಟ್ಟನ್ನು ತಿರುಗಿಸಿದಾಗ ಸ್ಟಡ್ಡು ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ, ಮರಳಿ ಕುಗ್ಗಲು ಹವಣಿಸುತ್ತಾ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಸಣ್ಣ ಕಾರುಗಳಿಗೆ ಕೈಪಿಡಿಗಳು ಹೇಳುವುದು ಸುಮಾರು 85ರಿಂದ 110 ನ್ಯೂಟನ್ ಮೀಟರ್. ಹನ್ನೆರಡು ಮಿಲಿಮೀಟರ್ ಸ್ಟಡ್ಡಿಗೆ 100 ಕೊಟ್ಟರೆ ಒಂದೊಂದು ನಟ್ಟಿನಿಂದ ಹತ್ತಿರ ಹತ್ತಿರ ನಾಲ್ಕು ಟನ್ನಿನ ಹಿಡಿತ ಬರುತ್ತದೆ. ಇಷ್ಟೆಲ್ಲ ಆಗುವುದು ಆ ಸ್ಟಡ್ಡು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು, ಒಂದು ಕೂದಲೆಳೆಯ ದಪ್ಪದಷ್ಟು, ಹಿಗ್ಗಿದ್ದರಿಂದ. ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವ ಪ್ರತಿ ತಾಯಿಯೂ ಆ ಕೂದಲೆಳೆಯನ್ನು ನಂಬಿ ಹೋಗುತ್ತಿದ್ದಾಳೆ.

ನಾವು ಹಾಕುವ ತಿರುಗುಬಲದಲ್ಲಿ ಅರ್ಧದಷ್ಟು ನಟ್ಟಿನ ಮುಖದ ಉಜ್ಜಾಟಕ್ಕೆ ಹೋಗುತ್ತದೆ. ನೂರಕ್ಕೆ ನಲವತ್ತು ಥ್ರೆಡ್ಡಿನ ಉಜ್ಜಾಟಕ್ಕೆ. ಹಿಡಿತಕ್ಕೆ ಉಳಿಯುವುದು ಹತ್ತು. ಥ್ರೆಡ್ಡಿಗೆ ತುಕ್ಕು ಹಿಡಿದಿದ್ದರೆ ಆ ಹತ್ತೂ ಉಳಿಯುವುದಿಲ್ಲ, ಪಾನಾಕ್ಕೆ ಬಿಗಿ ಅನ್ನಿಸಿದರೂ ಚಕ್ರಕ್ಕೆ ಹಿಡಿತ ಸಿಕ್ಕಿರುವುದಿಲ್ಲ. ಮುಂದಿನ ಸಲ ಸುಲಭವಾಗಿ ಬಿಚ್ಚಲಿ ಎಂದು ಎಣ್ಣೆ ಹಚ್ಚಿದರೆ ಅದೇ ಬಲಕ್ಕೆ ಸ್ಟಡ್ಡು ಮೂರನೇ ಒಂದು ಭಾಗ ಹೆಚ್ಚು ಹಿಗ್ಗಬಹುದು. ಎಪ್ಪತ್ತು ಕಿಲೋ ತೂಕದ ಮನುಷ್ಯ ಒಂದು ಅಡಿಯ ಪಾನಾದ ತುದಿಯಲ್ಲಿ ನಿಂತರೆ ಬೀಳುವುದು 200 ನ್ಯೂಟನ್ ಮೀಟರಿಗೂ ಮೇಲೆ, ಅಂದರೆ ಬೇಕಾದ್ದರ ಎರಡರಷ್ಟು. ಎಣ್ಣೆಯೂ ಸೇರಿ, ಕಾಲೂ ಸೇರಿದರೆ ಸ್ಟಡ್ಡು ಮತ್ತೆ ಕುಗ್ಗದ ಹಾಗೆ ಎಳೆದುಹೋಗುತ್ತದೆ. ನನ್ನ ಕೈಗೆ ಮುರಿದು ಬಂದದ್ದು ಅಂಥದ್ದೇ ಸ್ಟಡ್ಡು.

ಇಲ್ಲಿ ನಮ್ಮ ಆಯುಧಪೂಜೆಯ ಮಾತನ್ನೂ ಹೇಳಬೇಕು. ಕಾಮಾಕ್ಷಿಪಾಳ್ಯದಿಂದ ಕೆಂಗೇರಿಯವರೆಗೆ ಆ ದಿನ ಬಾಳೆಕಂದು ಕಟ್ಟದ ಗಾಡಿ ಕಾಣುವುದು ಕಷ್ಟ. ದುಡಿದು ಅನ್ನ ಕೊಟ್ಟ ಯಂತ್ರಕ್ಕೆ ಕೈ ಮುಗಿಯುವ ಸಂಸ್ಕೃತಿ ನಮ್ಮದು, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಹಬ್ಬಕ್ಕೆಂದು ಡಿಸ್ಕಿಗೂ ಹಬ್ಬಿಗೂ ಹೊಸ ಬಣ್ಣ ಬಳಿಯುತ್ತೇವೆ. ಚಕ್ರವೂ ಹಬ್ಬೂ ಸೇರುವ ಮುಖಕ್ಕೆ ಆ ಬಣ್ಣ ಹತ್ತಿದರೆ, ಅದರ ಪದರವೂ ಹೆಚ್ಚುಕಡಿಮೆ ಕೂದಲೆಳೆಯಷ್ಟೇ ದಪ್ಪ. ಗಾಡಿ ಓಡಿ ಬಿಸಿಯೇರಿ ಬಣ್ಣ ಒತ್ತಿಹೋದಾಗ ಸ್ಟಡ್ಡು ಹಿಗ್ಗಿದ್ದ ಅಳತೆಯನ್ನೇ ಅದು ನುಂಗಿಬಿಡುತ್ತದೆ. ನಟ್ಟು ಒಂದಿಷ್ಟೂ ತಿರುಗಿರುವುದಿಲ್ಲ, ಹಿಡಿತ ಮಾತ್ರ ಹೋಗಿರುತ್ತದೆ. ನಟ್ಟಿನ ಮೇಲೆ ಎಳೆದ ಪೇಂಟಿನ ಗೆರೆಯಾಗಲಿ, ಬಸ್ಸುಗಳ ನಟ್ಟಿಗೆ ಸಿಕ್ಕಿಸುವ ಹಳದಿ ಬಾಣವಾಗಲಿ ಇದನ್ನು ಹೇಳಲಾರದು. ಅವು ಹೇಳುವುದು ನಟ್ಟು ತಿರುಗಿತೇ ಇಲ್ಲವೇ ಎಂದಷ್ಟೇ. ಅದಕ್ಕೇ ಬೇಡಿಕೊಳ್ಳುತ್ತೇನೆ: ಬಣ್ಣ ಹೊರಮೈಗೆ ಇರಲಿ, ಸೇರುವ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬರಿದಾಗಿ ಬಿಡಿ. ಚಕ್ರ ಕಳಚಿ ಹಾಕಿದ ಮೇಲೆ ಐವತ್ತರಿಂದ ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಟಾರ್ಕ್ ರೆಂಚ್ ಇಡಿ.

ಇನ್ನು ನನ್ನನ್ನು ಬಿಡದೆ ಕಾಡುವ ಪ್ರಶ್ನೆಗೆ ಬರುತ್ತೇನೆ. ಸಮಯ ಮೀರಿದರೆ ಅಧ್ಯಕ್ಷರು ಕ್ಷಮಿಸಬೇಕು.

ನನ್ನ ಕಾರಿನಲ್ಲಿ ಸಡಿಲವಾದದ್ದು ಎಡ ಹಿಂದಿನ ಚಕ್ರ ಎಂದೆ. ಬ್ರಿಟನ್ನಿನಲ್ಲಿ ಲಾರಿಗಳಿಂದ ಕಳಚುವ ಚಕ್ರಗಳಲ್ಲೂ ಎಡ ಹಿಂದಿನವೇ ಹೆಚ್ಚು. ಜಪಾನಿನಲ್ಲೂ ಹಾಗೇ: ಅಲ್ಲಿ ಚಳಿಗಾಲದ ಟೈರು ಬದಲಿಸಿದ ಒಂದೆರಡು ತಿಂಗಳಲ್ಲಿ ದೊಡ್ಡ ಗಾಡಿಗಳ ಚಕ್ರ ಕಳಚುತ್ತವೆ, ಅವುಗಳಲ್ಲಿ ಬಹುಪಾಲು ಎಡ ಹಿಂದಿನವು. ಎರಡೂ ದೇಶಗಳಲ್ಲಿ ಮೊದಲು ಲಾರಿಗಳ ಎಡ ಚಕ್ರಕ್ಕೆ ಎಡ ಥ್ರೆಡ್ ಇತ್ತು. ಐ.ಎಸ್.ಓ. ಪದ್ಧತಿ ಬಂದ ಮೇಲೆ, ಜಪಾನಿನಲ್ಲಿ 2010ರ ಸುಮಾರಿಗೆ, ಎರಡೂ ಕಡೆ ಬಲ ಥ್ರೆಡ್ ಆಯಿತು. ಎಡ ಥ್ರೆಡ್ ನಮಗೆ ಹೊಸದಲ್ಲ. ಸೈಕಲ್ಲಿನ ಎಡ ಪೆಡಲ್ ಬಿಚ್ಚಲು ಉಲ್ಟಾ ತಿರುಗಿಸಬೇಕು ಎಂದು ಇಲ್ಲಿರುವ ಎಲ್ಲರೂ ಬಾಲ್ಯದಲ್ಲೇ ಕಲಿತಿದ್ದೀರಿ. ಟಾಟಾ, ಲೇಲ್ಯಾಂಡ್ ಗಾಡಿಯ ಹಬ್ ಬೋಲ್ಟು ಕೇಳಿದರೆ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಎಡದ್ದೋ ಬಲದ್ದೋ ಎಂದು ಮರುಪ್ರಶ್ನೆ ಬರುತ್ತಿದ್ದ ಕಾಲ ಮೇಸ್ತ್ರಿಗಳಿಗೆ ನೆನಪಿದೆ. ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲೂ 1970ರ ದಶಕದ ಹೊಸ್ತಿಲವರೆಗೆ ಎಡಗಡೆಗೆ ಎಡ ಥ್ರೆಡ್ಡೇ ಇತ್ತು.

ಹಾಗಾದರೆ ಥ್ರೆಡ್ಡೇ ಕಾರಣವೇ? ಗಾಡಿ ಮುಂದೆ ಹೋಗುವಾಗ ಎಡ ಚಕ್ರ ತಿರುಗುವುದು ಬಲ ಥ್ರೆಡ್ಡಿನ ನಟ್ಟು ಬಿಚ್ಚುವ ದಿಕ್ಕಿಗೇ, ನಿಜ. ಆದರೆ ಇನ್ನೆರಡು ಕಾರಣಗಳಿವೆ. ನಾವು ಎಡಬದಿಯಲ್ಲಿ ಓಡಿಸುವವರು. ರಸ್ತೆಯ ಇಳಿಜಾರು, ಒಡೆದ ಅಂಚು, ಮೋರಿಯ ಪಕ್ಕದ ಗುಂಡಿ, ಎಲ್ಲವನ್ನೂ ತಿನ್ನುವುದು ಎಡ ಚಕ್ರ. ಎಡಕ್ಕೆ ತಿರುಗುವ ತಿರುವು ಇಕ್ಕಟ್ಟಾದದ್ದು. ಅಲ್ಲಿ ಎಡ ಹಿಂದಿನ ಚಕ್ರ ಹೆಚ್ಚು ಉರುಳದೆ, ನಿಂತಲ್ಲೇ ಅಡ್ಡಡ್ಡ ಉಜ್ಜಿಕೊಳ್ಳುತ್ತದೆ, ಯುಂಕರ್ ಹೇಳಿದ ಅಡ್ಡ ಜಾರಾಟಕ್ಕೆ ಹತ್ತಿರದ ಸ್ಥಿತಿ. ನಮ್ಮಲ್ಲಿ, ಬ್ರಿಟನ್ನಿನಲ್ಲಿ, ಜಪಾನಿನಲ್ಲಿ ಈ ಮೂರೂ ಕಾರಣಗಳು ಎಡಕ್ಕೇ ಬೆರಳು ತೋರಿಸುವುದರಿಂದ ಒಂದನ್ನೊಂದು ಬಿಡಿಸಲಾಗುವುದಿಲ್ಲ.

ಬಿಡಿಸುವ ದಾರಿ ನನಗೆ ಹೊಳೆದದ್ದು ಒಬ್ಬ ಮೇಸ್ತ್ರಿಯಿಂದ. ಡಿಪೋದಲ್ಲಿ ದುಡಿದು ನಿವೃತ್ತರಾದ ಅವರು ಮಲ್ಲತ್ತಹಳ್ಳಿ ಕೆರೆಯ ಬಳಿ ವಾಕಿಂಗಿನಲ್ಲಿ ಪರಿಚಯವಾದವರು. "ಎಡ ಹಿಂದಿನದನ್ನು ನಾವು ಯಾವಾಗಲೂ ಎರಡು ಸಲ ನೋಡ್ತಿದ್ವಿ ಸಾರ್" ಎಂದರು. ಯಾಕೆ ಎಂದೆ. "ನಮ್ಮ ಮೇಸ್ತ್ರಿ ಹಾಗೇ ಹೇಳಿಕೊಟ್ಟಿದ್ರು." ಆಗ ಎಡಗಡೆ ಯಾವ ಥ್ರೆಡ್ ಇತ್ತು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡ ಥ್ರೆಡ್ಡೇ ಸಾರ್" ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಡ ಥ್ರೆಡ್ ಇದ್ದಾಗಲೂ ಎಡ ಚಕ್ರವೇ ಸಡಿಲವಾಗುತ್ತಿದ್ದರೆ ತಪ್ಪು ಥ್ರೆಡ್ಡಿನದಲ್ಲ, ರಸ್ತೆಯದು ಮತ್ತು ತಿರುವಿನದು. ಆಗ ಲೋಕವೆಲ್ಲ ಚರ್ಚಿಸುತ್ತಿರುವುದು ತಪ್ಪು ಕಾರಣವನ್ನು. ಒಬ್ಬರ ನೆನಪು ಸಾಕ್ಷಿಯೇ ಹೊರತು ತೀರ್ಪಲ್ಲ, ಬಲ್ಲೆ. ಆದರೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಹೊರಟಂದಿನಿಂದ ಇಂದಿನವರೆಗೆ ಈ ನಾಡಿನ ಮೇಸ್ತ್ರಿಗಳ ಕೈಯಲ್ಲಿ ಎಷ್ಟು ಲಕ್ಷ ನಟ್ಟುಗಳು ತಿರುಗಿಲ್ಲ! ಎಡ ಥ್ರೆಡ್ಡಿನ ಗಾಡಿಯೂ ಬಲ ಥ್ರೆಡ್ಡಿನ ಗಾಡಿಯೂ ಇದೇ ರಸ್ತೆಗಳಲ್ಲಿ ಓಡಿದವು. ನಮಗೆ ಬೇಕಾದ ಪ್ರಯೋಗ ಕಣ್ಣೆದುರೇ ನಡೆಯುತ್ತಿತ್ತು. ಅದರ ಫಲವನ್ನು ಬಲ್ಲ ಕೈಗಳನ್ನು ನಾವು ಅಧ್ಯಾಪಕರು ಕೇಳಲಿಲ್ಲ. ಬಿಗಿಯುವುದು ವಿದ್ಯೆಯಲ್ಲ ಎಂದುಕೊಂಡವರಿಗೆ ಅಲ್ಲಿ ಕೇಳುವಂಥದ್ದು ಏನೂ ಕಾಣಲಿಲ್ಲ.

ಆದ್ದರಿಂದ ಈ ಸಂಕಿರಣದ ಮುಂದೆ ನನ್ನ ಎರಡು ಆಶಯಗಳು.

ಮೊದಲನೆಯದು ಪಾಠದ ಬಗ್ಗೆ. ಬೋಲ್ಟಿನ ವ್ಯಾಸ ಲೆಕ್ಕ ಹಾಕುವ ಪ್ರತಿ ವಿದ್ಯಾರ್ಥಿಯೂ ಒಂದು ಚಕ್ರವನ್ನು ಸ್ವತಃ ಹಾಕಲಿ. ನಟ್ಟುಗಳನ್ನು ಮೊದಲು ಬೆರಳಿನಿಂದಲೇ ಹತ್ತಿಸಲಿ. ಐದು ನಟ್ಟಿದ್ದರೆ, ರಂಗೋಲಿಯಲ್ಲಿ ಕೈ ಎತ್ತದೆ ನಕ್ಷತ್ರ ಬರೆಯುತ್ತೇವಲ್ಲ, ಅದೇ ಕ್ರಮ. ನಾಲ್ಕಿದ್ದರೆ ಎದುರುಬದುರು. ಜಾಕಿ ಇಳಿಸಿ ಟೈರು ನೆಲ ಕಚ್ಚಿದ ಮೇಲೆ ಕೈಪಿಡಿಯ ಅಂಕಿಗೆ ಟಾರ್ಕ್ ರೆಂಚ್. ಏರ್ ಗನ್ ಬಿಚ್ಚುವುದಕ್ಕೆ ಇರಲಿ, ಕೊನೆಯ ಬಿಗಿ ಕೈಯಿಂದಲೇ ಆಗಲಿ.

ಎರಡನೆಯದು ಲೆಕ್ಕದ ಬಗ್ಗೆ. ಪ್ರತಿ ಡಿಪೋದಲ್ಲೂ, ಪ್ರತಿ ಟೈರ್ ಅಂಗಡಿಯಲ್ಲೂ ಒಂದು ನೋಟ್‌ಬುಕ್ ಇರಲಿ. ಮರುಬಿಗಿಗೆ ಬಂದ ಗಾಡಿಯ ಯಾವ ಚಕ್ರ ಸಡಿಲವಿತ್ತು, ಯಾವ ಥ್ರೆಡ್, ಎಷ್ಟು ಓಡಿತ್ತು, ಇಷ್ಟೇ ಬರೆದರೆ ಸಾಕು.

ಅದನ್ನು ಇಂದೇ ಶುರು ಮಾಡೋಣ. ಹೊರಗೆ ಗಾಡಿಗಳು ನಿಂತಿರುವಲ್ಲಿ ಎರಡು ಟಾರ್ಕ್ ರೆಂಚ್ ಮತ್ತು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಆ ನಿವೃತ್ತ ಮೇಸ್ತ್ರಿಗಳೂ ಅಲ್ಲೇ ಇರುತ್ತಾರೆ. ಊಟಕ್ಕೆ ಹೋಗುವ ಮೊದಲು ನಿಮ್ಮ ನಿಮ್ಮ ಗಾಡಿಯ ಎಡ ಹಿಂದಿನ ಚಕ್ರವನ್ನೂ ಬಲ ಹಿಂದಿನ ಚಕ್ರವನ್ನೂ ಅವರ ಎದುರು ಪರೀಕ್ಷಿಸಿ, ಕಂಡದ್ದನ್ನು ಅವರ ಕೈಗೇ ಪೆನ್ನು ಕೊಟ್ಟು ಬರೆಸಿ. ಮೊದಲ ಪುಟದ ಮೊದಲ ಸಾಲಿನಲ್ಲಿ ನನ್ನ ಕಾರಿನ ಲೆಕ್ಕ ಬೆಳಿಗ್ಗೆಯೇ ಬರೆಸಿದ್ದೇನೆ. ಎರಡನೇ ಸಾಲು ನಿಮ್ಮದಾಗಲಿ.