ಮೋಟಾರನ್ನು ಬೈಯುವ ಮುನ್ನ ತಂತಿಯ ಲೆಕ್ಕ ನೋಡಿರಿ



ನಾನು ಬೆಂಗಳೂರಿನ ಶಂಕರಪುರಂನವನು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ ದೀಪ ಬಂದಿತು. ನಮ್ಮ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರು ಕೂಗಳತೆಯಲ್ಲಿದೆ. ಆದ್ದರಿಂದ ತಂತಿಯ ಉದ್ದವನ್ನು ಎಣಿಸುವ ಗೋಜು ಪೇಟೆಯವರಾದ ನಮಗಿಲ್ಲ. ನಿಮ್ಮ ಪಾಡು ಹಾಗಲ್ಲ. ಮೀಟರು ಮನೆಯ ಗೋಡೆಯಲ್ಲಿ, ಬಾವಿ ತೋಟದ ಆಚೆ ತುದಿಯಲ್ಲಿ.

ಮಾಗಡಿ ಕಡೆ ನನ್ನ ಭಾವನವರ ತೋಟವಿದೆ. ಅಲ್ಲಿ ಒಂದೂವರೆ ಎಚ್.ಪಿ.ಯ ಸಿಂಗಲ್ ಫೇಸ್ ಮೋಟಾರು ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟಿತು. ಎರಡು ಸಲವೂ ಪೇಟೆಗೆ ಹೊತ್ತು ಕಾಯಿಲ್ ಸುತ್ತಿಸಿ ತಂದರು. “ಮೋಟಾರೇ ಸರಿಯಿಲ್ಲ ಕಣಯ್ಯ, ಹೊಸದು ತರೋಣ” ಎಂದರು. “ಸ್ವಲ್ಪ ತಾಳಿ ಭಾವ, ಮೊದಲು ತಂತಿ ನೋಡಿಸೋಣ” ಎಂದು ನಾನು ವೈರ್‌ಮನ್‌ನನ್ನು ಕರೆಸಿದೆ.

ಮೋಟಾರು ಓಡುತ್ತಿರುವಾಗ ಆತ ಅಳೆದನು. ಹರಿಯುತ್ತಿದ್ದ ಕರೆಂಟು 10 ಆಂಪಿಯರು. ಮೀಟರಿನ ಬಳಿ 225 ವೋಲ್ಟು, ಬಾವಿಯ ಬಳಿ 195. ಮೂವತ್ತು ವೋಲ್ಟು ದಾರಿಯಲ್ಲೇ ಕರಗಿತ್ತು!

ಕೆರೆಯ ನೀರು ಸಣ್ಣ ಕೊಳವೆಯಲ್ಲಿ ಬಹುದೂರ ಹರಿದರೆ ಅದರ ರಭಸ ಕುಗ್ಗುವುದನ್ನು ನೀವು ಕಂಡಿದ್ದೀರಿ. ತಂತಿಯೂ ಹಾಗೆಯೇ ಕರೆಂಟನ್ನು ತಡೆಯುತ್ತದೆ. ಈ ತಡೆಗೆ ರೋಧವೆಂದು ಹೆಸರು. ಜರ್ಮನಿಯ ಓಮ್ ಎಂಬ ವಿದ್ವಾಂಸನು 1827ರಲ್ಲಿ ಇದರ ನಿಯಮವನ್ನು ಪ್ರಕಟಿಸಿದನು. ಕಳೆದ ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸಿಕ್ಕುವುದು. ಅದರ ಅಳತೆಗೂ ಓಮ್ ಎಂದೇ ಹೆಸರು. 30ನ್ನು 10ರಿಂದ ಭಾಗಿಸಿರಿ: 3 ಓಮ್. ಎ.ಸಿ. ಮೋಟಾರಿನಲ್ಲಿ ಈ ಲೆಕ್ಕ ತುಸು ಹೆಚ್ಚುಕಡಮೆಯಾಗುವುದು. ದೋಷ ಹುಡುಕಲು ಇಷ್ಟು ಸಾಕು.

ಆ ತಂತಿಗೆ ಎಷ್ಟು ರೋಧವಿರಬೇಕಾಗಿತ್ತು? 2.5 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 7.4 ಓಮ್. ಬಾವಿಗೆ 100 ಮೀಟರು ದೂರ. ಕರೆಂಟು ಹೋಗಿ ಹಿಂದಿರುಗಬೇಕಾದ್ದರಿಂದ 200 ಮೀಟರು ಎಂದು ಹಿಡಿಯಿರಿ. ಅದಕ್ಕೆ ಒಂದೂವರೆ ಓಮ್ ಆಯಿತು. ಉಳಿದ ಒಂದೂವರೆ ಎಲ್ಲಿಂದ ಬಂತು?

ಹಲಸಿನ ಮರದ ಬುಡದಲ್ಲಿ ಸಿಕ್ಕಿತು. ಎಂದೋ ಕಡಿದ ತಂತಿಯನ್ನು ಯಾರೋ ಹೊಸೆದು ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ಒಳಗೆಲ್ಲ ಕರಿ.

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟು. ಆ ಗಂಟಿನಲ್ಲಿ 15 ವೋಲ್ಟು, 10 ಆಂಪಿಯರು, ಅಂದರೆ 150 ವ್ಯಾಟು. ನೂರು ವ್ಯಾಟಿನ ಹಳೇ ಬಲ್ಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಹೇಳಬೇಕಾಗಿಲ್ಲ. ದಾರಿಯುದ್ದಕ್ಕೂ ಪೋಲಾದದ್ದು 300 ವ್ಯಾಟು. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ 1.2 ಯೂನಿಟ್ಟು. ಹನಿ ನೀರು ಮೇಲೆ ಬಾರದು, ಬಿಲ್ಲು ಮಾತ್ರ ಬರುವುದು.

ಇದರಿಂದ ಮೋಟಾರು ಏಕೆ ಸುಡಬೇಕು? ವೋಲ್ಟು ಇಳಿದರೆ ಹಳೇ ಬಲ್ಬು ಮಂಕಾಗಿ ಸುಮ್ಮನಿರುತ್ತದೆ. ಮೋಟಾರಾದರೋ ಅಷ್ಟೇ ನೀರನ್ನು ಎತ್ತಬೇಕು; ಆದ್ದರಿಂದ ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ನೂರಕ್ಕೆ ಹತ್ತು ಪಾಲು ಏರಿದರೆ ಕಾಯಿಲಿನ ಕಾವು ನೂರಕ್ಕೆ ಇಪ್ಪತ್ತೊಂದು ಪಾಲು ಏರುವುದು.

ಭಾವನವರು ಮೋಟಾರು ಕೊಳ್ಳಲಿಲ್ಲ. 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ನಡುವೆ ಗಂಟಿಲ್ಲದಂತೆ ಎಳೆಸಿದರು. ಈಗ ದಾರಿಯಲ್ಲಿ ಕಳೆಯುವುದು ಒಂಬತ್ತು ವೋಲ್ಟು ಮಾತ್ರ.

ಅಳೆಯುವ ಕೆಲಸವನ್ನು ಲೈಸೆನ್ಸುಳ್ಳ ವೈರ್‌ಮನ್‌ನಿಂದ ಮಾಡಿಸಿರಿ, ನೀವೇ ಕೈಹಾಕಬೇಡಿರಿ. ಆತನು ಮೋಟಾರು ನಿಲ್ಲಿಸಿ ಅಳೆಯಹೊರಟರೆ ತಡೆಯಿರಿ. ಕರೆಂಟು ಹರಿಯದಿದ್ದಾಗ ವೋಲ್ಟು ಕಳೆಯುವುದಿಲ್ಲ. ಎರಡು ತುದಿಯಲ್ಲೂ 225 ತೋರಿಸಿ, ಕರಿಹಿಡಿದ ಗಂಟು ಟೇಪಿನೊಳಗೇ ಉಳಿಯುವುದು.