ಗುರು, ಸೂರು, ನೆರವು



ಶಾಲೆಯೆಂದರೆ ಯಾವುದು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದು ಕಟ್ಟಡವನ್ನು ತೋರಿಸುತ್ತೇವೆ. ಸ್ವಲ್ಪ ವಿಚಾರಮಾಡಿದವರು, ಕಟ್ಟಡವಲ್ಲ, ಉಪಾಧ್ಯಾಯನೇ ಶಾಲೆ ಎನ್ನುತ್ತಾರೆ. ಮರದ ನೆರಳಿನಲ್ಲಿ ಕುಳಿತು ವಿದ್ಯೆ ಕಲಿಸಿದ ಗುರುಗಳ ಕಥೆ ನಮಗೆಲ್ಲ ಪ್ರಿಯವಾದದ್ದು. ಆದರೆ ಮಳೆ ಬಂದಾಗ ಆ ಗುರುಗಳು ಏನು ಮಾಡುತ್ತಿದ್ದರೆಂಬುದನ್ನು ಕಥೆ ಹೇಳುವುದಿಲ್ಲ.

ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಏನು ಮಾಡುತ್ತಿದ್ದರೆಂಬುದನ್ನು ಹೇಳಬಲ್ಲೆ. ಅಲ್ಲಿ ಇದ್ದದ್ದು ಎರಡು ಕೋಣೆ, ಒಬ್ಬರು ಮೇಷ್ಟರು. ಒಂದು ಕೋಣೆಯ ಹೆಂಚುಗಳು ಒಡೆದಿದ್ದುವು. ಮಳೆ ಹಿಡಿಯಿತೆಂದರೆ ಮೇಷ್ಟರು ನಾಲ್ಕು ತರಗತಿಗಳ ಮಕ್ಕಳನ್ನೂ ಇನ್ನೊಂದು ಕೋಣೆಗೆ ಸೇರಿಸಿ ಮಗ್ಗಿ ಹೇಳಿಸುತ್ತಿದ್ದರು. ಒಂದನೆಯ ತರಗತಿಯವನಿಗೂ ಮಗ್ಗಿ, ನಾಲ್ಕನೆಯ ತರಗತಿಯವನಿಗೂ ಮಗ್ಗಿ. ಮಳೆಗಾಲ ಮುಗಿಯುವ ಹೊತ್ತಿಗೆ ಮಗ್ಗಿ ನಮಗೆ ಚೆನ್ನಾಗಿ ಬರುತ್ತಿತ್ತು. ಬೇರೆ ಏನೂ ಬರುತ್ತಿರಲಿಲ್ಲ. ಅವರು ಸೋಮಾರಿಗಳಾಗಿರಲಿಲ್ಲ. ವಿದ್ಯೆಯಲ್ಲಿಯೂ ಪ್ರೀತಿಯಲ್ಲಿಯೂ ಅವರಿಗೆ ಕೊರತೆಯಿರಲಿಲ್ಲ. ಅವರಿಗೆ ಇಲ್ಲದಿದ್ದದ್ದು ಇನ್ನೊಬ್ಬ ಉಪಾಧ್ಯಾಯ ಮತ್ತು ನೂರೈವತ್ತು ಹೆಂಚು.

ಈ ಸಂಜೆ ನಾನು ಹೇಳಬೇಕೆಂದಿರುವುದು ಇದೇ ವಿಷಯ. ಶಾಲೆಗೆ ಸರ್ಕಾರ ಒದಗಿಸಬೇಕಾದದ್ದು ಮೂರು: ಉಪಾಧ್ಯಾಯರು, ಕಟ್ಟಡ, ಇವೆರಡನ್ನೂ ನಡೆಸಿಕೊಂಡು ಹೋಗುವ ನೆರವು. ಒಲೆಯ ಮೂರು ಗುಂಡುಗಳಂತೆ ಇವು. ಒಂದು ಜಾರಿದರೂ ಮೇಲಿನ ಪಾತ್ರೆ ಉರುಳುತ್ತದೆ.

ನಮ್ಮ ನಾಡಿನಲ್ಲಿ ಈ ಹೊಣೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1868ರಷ್ಟು ಹಿಂದೆಯೇ ಹೋಬಳಿ ಶಾಲೆಗಳ ಯೋಜನೆ ಹುಟ್ಟಿತು. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ವಿದ್ಯಾಭ್ಯಾಸವನ್ನು ಕಡ್ಡಾಯಮಾಡಲು ಅವಕಾಶಕೊಡುವ ಕಾನೂನು ಬಂದಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು, ಹತ್ತು ವರ್ಷಗಳೊಳಗಾಗಿ ಹದಿನಾಲ್ಕು ವಯಸ್ಸಿನವರೆಗಿನ ಮಕ್ಕಳೆಲ್ಲರಿಗೂ ಉಚಿತವಾಗಿ ಕಡ್ಡಾಯ ಶಿಕ್ಷಣ ದೊರೆಯುವಂತೆ ಯತ್ನಿಸಬೇಕೆಂದು ಸರ್ಕಾರಗಳಿಗೆ ನಿರ್ದೇಶಿಸಿತು. ಶಿಕ್ಷಣವನ್ನು ಮಗುವಿನ ಹಕ್ಕೆಂದು ಸಾರುವ ಅಧಿನಿಯಮವಾದದ್ದು 2009ರಲ್ಲಿ. ಅದು ನಡೆವಳಿಕೆಗೆ ಬಂದದ್ದು 2010ರ ಏಪ್ರಿಲ್ 1ರಂದು. ಹತ್ತು ವರ್ಷದ ವಾಯಿದೆ ಅರುವತ್ತು ವರ್ಷವಾಯಿತು. ಸಾಲಗಾರನು ಹೀಗೆ ಮಾಡಿದ್ದರೆ ನಾವು ಏನೆನ್ನುತ್ತಿದ್ದೆವು?

ಆದರೂ ಈ ಅಧಿನಿಯಮದ ಒಂದು ಗುಣವನ್ನು ಮೆಚ್ಚಬೇಕು. ಅದು ಲೆಕ್ಕದಲ್ಲಿ ಮಾತನಾಡುತ್ತದೆ. ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು, ತೊಂಬತ್ತರವರೆಗೆ ಮೂವರು, ನೂರಿಪ್ಪತ್ತರವರೆಗೆ ನಾಲ್ವರು. ಆರರಿಂದ ಎಂಟರವರೆಗೆ ಮೂವತ್ತೈದು ಮಕ್ಕಳಿಗೆ ಒಬ್ಬರಾದರೂ ಇರಬೇಕು; ವಿಜ್ಞಾನ ಗಣಿತಗಳಿಗೆ, ಸಮಾಜ ಪಾಠಗಳಿಗೆ, ಭಾಷೆಗಳಿಗೆ ಬೇರೆಬೇರೆ ಉಪಾಧ್ಯಾಯರಿರಬೇಕು. ಕಟ್ಟಡವು ಎಲ್ಲ ಋತುಗಳಿಗೂ ಒದಗುವಂಥದಾಗಿ, ಉಪಾಧ್ಯಾಯರೊಬ್ಬರಿಗೆ ಒಂದು ಕೋಣೆಯಾದರೂ ಇರಬೇಕು. ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಶೌಚಗೃಹ, ಶುದ್ಧವಾದ ನೀರು, ಅಡುಗೆಮನೆ, ಆಟದ ಬಯಲು, ಸುತ್ತ ಗೋಡೆ ಅಥವಾ ಬೇಲಿ, ಒಂದು ಪುಸ್ತಕಭಂಡಾರ ಇವೂ ಬೇಕು. ಮಂಜೂರಾದ ಉಪಾಧ್ಯಾಯರ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿಯಿರಕೂಡದು.

ಐದು ತರಗತಿಗಳಿರುವ ಅತಿ ಚಿಕ್ಕ ಶಾಲೆಗೂ ಇಬ್ಬರೇ ಏಕೆ, ಒಬ್ಬರು ಸಾಲದೆ ಎಂದು ನೀವು ಕೇಳಬಹುದು. ಲೆಕ್ಕಮಾಡಿ ನೋಡೋಣ. ಅದೇ ಅಧಿನಿಯಮದಂತೆ ಒಂದರಿಂದ ಐದನೆಯ ತರಗತಿಗಳಿಗೆ ವರ್ಷದಲ್ಲಿ 200 ದಿನ, 800 ಗಂಟೆ ಪಾಠ ನಡೆಯಬೇಕು. ಎಂದರೆ ದಿನಕ್ಕೆ ನಾಲ್ಕು ಗಂಟೆ. ಉಪಾಧ್ಯಾಯರೊಬ್ಬರೇ ಐದು ತರಗತಿಗಳಿಗೆ ಈ ಕಾಲವನ್ನು ಹಂಚಿದರೆ ಒಂದೊಂದು ತರಗತಿಗೆ ದೊರೆಯುವುದು ದಿನಕ್ಕೆ 48 ನಿಮಿಷ. ಅದರಲ್ಲಿಯೇ ಕನ್ನಡ, ಇಂಗ್ಲಿಷು, ಗಣಿತ, ಪರಿಸರದ ಪಾಠ. ಎಂದರೆ ವಿಷಯವೊಂದಕ್ಕೆ ಹನ್ನೆರಡು ನಿಮಿಷ. ಹಾಜರಿ ಪುಸ್ತಕವನ್ನು ತೆರೆದು ಮುಚ್ಚುವುದರೊಳಗೆ ಅದರಲ್ಲಿ ಕೆಲವು ಕಳೆದುಹೋಗುತ್ತವೆ. ದೇಶದಲ್ಲಿ ಇಂಥ ಏಕೋಪಾಧ್ಯಾಯ ಶಾಲೆಗಳು ಈಚಿನ ವರ್ಷಗಳ ಸರ್ಕಾರಿ ಗಣತಿಯಲ್ಲಿಯೂ ಒಂದು ಲಕ್ಷಕ್ಕೆ ಮೇಲ್ಪಟ್ಟಿವೆ.

ಈ ಕಷ್ಟವನ್ನು ಬುದ್ಧಿಯಿಂದ ಗೆಲ್ಲಲು ನಮ್ಮ ಉಪಾಧ್ಯಾಯರು ಯತ್ನಿಸದೆ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು, ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿಬಂದು, ‘ನಲಿ-ಕಲಿ’ ಎಂಬ ಪದ್ಧತಿಯನ್ನು ರೂಪಿಸಿದರು. ಬೇರೆಬೇರೆ ತರಗತಿಯ ಚಿಕ್ಕ ಮಕ್ಕಳು ಒಟ್ಟಿಗೆ ಕುಳಿತು, ಚೀಟಿಗಳ ಸಹಾಯದಿಂದ, ಏಣಿಯ ಮೆಟ್ಟಿಲು ಹತ್ತುವಂತೆ, ತಮ್ಮ ತಮ್ಮ ವೇಗದಲ್ಲಿ ಕಲಿಯುವರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಇದು ನಮ್ಮವರ ಹೆಮ್ಮೆಯ ಕೆಲಸ. ಆದರೆ ಒಂದು ಮಾತನ್ನು ಮರೆಯಬಾರದು: ಉಪಾಧ್ಯಾಯನು ಆ ಕೋಣೆಯಲ್ಲಿ ದಿನವೆಲ್ಲ ಇದ್ದರೆ ಮಾತ್ರ ಆ ಏಣಿ ನಿಲ್ಲುತ್ತದೆ. ಒಳ್ಳೆಯ ಪದ್ಧತಿಯು ಉಪಾಧ್ಯಾಯನ ಭಾರವನ್ನು ಹಗುರಮಾಡೀತು. ಇಲ್ಲದ ಉಪಾಧ್ಯಾಯನ ಸ್ಥಾನವನ್ನು ತುಂಬಲಾರದು.

ಕಚೇರಿಗಳಲ್ಲಿ ಬಹಳವಾಗಿ ಕೇಳಿಬರುವ ಇನ್ನೊಂದು ಮಾತು ಸರಾಸರಿಯದು. ‘ಮೂವತ್ತು ಮಕ್ಕಳಿಗೆ ಒಬ್ಬರಂತೆ ಉಪಾಧ್ಯಾಯರಿದ್ದಾರೆ, ಇನ್ನೇನು ಬೇಕು?’ ಎನ್ನುತ್ತಾರೆ. ಪಟ್ಟಣದ ಅಂಚಿನ ಒಂದು ಶಾಲೆಯಲ್ಲಿ 15 ಮಕ್ಕಳು, ಇಬ್ಬರು ಉಪಾಧ್ಯಾಯರು. ಬಸ್ಸು ಹೋಗದ ಊರಿನ ಶಾಲೆಯಲ್ಲಿ 105 ಮಕ್ಕಳು, ಅಲ್ಲಿಯೂ ಇಬ್ಬರೇ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿದರೆ 120 ಮಕ್ಕಳು, ನಾಲ್ವರು ಉಪಾಧ್ಯಾಯರು. ಸರಾಸರಿ ಸರಿಯಾಗಿ ಮೂವತ್ತು. ಕಾಗದದ ಮೇಲೆ ಯಾವ ದೋಷವೂ ಇಲ್ಲ. ಆದರೆ ಎರಡನೆಯ ಊರಿನ ಮಗುವಿಗೆ ಈ ಸರಾಸರಿಯಿಂದ ಏನು ಬಂದಿತು? ಆದಕಾರಣವೇ ಅಧಿನಿಯಮವು ಈ ಪ್ರಮಾಣ ತಾಲ್ಲೂಕಿಗೆ ಇದ್ದರೆ ಸಾಲದು, ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕೆಂದು ವಿಧಿಸಿದೆ.

ಎರಡನೆಯ ಊರಿಗೆ ಉಪಾಧ್ಯಾಯರು ಏಕೆ ಹೋಗುವುದಿಲ್ಲ? ಅವರಲ್ಲಿ ತ್ಯಾಗಬುದ್ಧಿಯಿಲ್ಲವೆಂದು ಬೈಯುವುದು ಸುಲಭ. ಅವರಿಗೂ ಸಂಸಾರವುಂಟು, ಅವರ ಮಕ್ಕಳಿಗೂ ವಿದ್ಯೆ ಬೇಕು, ವೃದ್ಧರಾದ ತಂದೆತಾಯಿಗಳಿಗೆ ವೈದ್ಯರು ಬೇಕು. ವರ್ಗಾವಣೆಯು ಶಿಫಾರಸಿನ ಮೇಲೆ ನಡೆಯದಿರಲೆಂದು ನಮ್ಮ ರಾಜ್ಯದಲ್ಲಿ 2007ರಲ್ಲಿ ಒಂದು ಶಾಸನವಾಯಿತು. 2020ರಲ್ಲಿ ಇನ್ನೊಂದು ಬಂದಿತು. ನ್ಯಾಯವಾಗಿ ಹಂಚಬೇಕೆಂಬ ಉದ್ದೇಶ ಸ್ತುತ್ಯವಾದದ್ದು. ಆದರೆ ವಾಸಕ್ಕೆ ಒಂದು ಮನೆ, ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಇಲ್ಲದ ಊರಿಗೆ ಶಾಸನವು ಉಪಾಧ್ಯಾಯನನ್ನು ಕಳುಹಿಸಬಹುದು, ನಿಲ್ಲಿಸಲಾರದು. ಖಾಲಿಯಾದ ಸ್ಥಳವನ್ನು ಅತಿಥಿ ಶಿಕ್ಷಕರಿಂದ ತುಂಬುತ್ತಾರೆ. ವರ್ಷದ ಕೊನೆಗೆ ಬಿಡುಗಡೆ; ಮುಂದಿನ ವರ್ಷ ಬರುವುದು ಅವರೋ ಬೇರೆಯವರೋ ತಿಳಿಯದು. ಅತಿಥಿಯನ್ನು ದೇವರೆಂದು ಕರೆದ ನಾಡಿನಲ್ಲಿ ಅತಿಥಿ ಶಿಕ್ಷಕರ ಗೌರವಧನವು ಗೌರವಕ್ಕೂ ಸಾಲದು, ಧನವೆನಿಸಲೂ ಸಾಲದು.

ಇನ್ನು ಕಟ್ಟಡದ ಮಾತು. 1987ರಲ್ಲಿ ಕೇಂದ್ರ ಸರ್ಕಾರವು ಕಪ್ಪುಹಲಗೆಯ ಹೆಸರಿನಲ್ಲಿ ಒಂದು ಕಾರ್ಯಾಚರಣೆಯನ್ನು ಆರಂಭಿಸಿತು: ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಮಳೆಗಾಳಿ ತಡೆಯುವ ಎರಡು ದೊಡ್ಡ ಕೋಣೆ, ಇಬ್ಬರು ಉಪಾಧ್ಯಾಯರು, ಅವರಲ್ಲಿ ಒಬ್ಬರು ಮಹಿಳೆ, ಜೊತೆಗೆ ಪಾಠಕ್ಕೆ ಬೇಕಾದ ಸಾಮಗ್ರಿ. ಆ ಬಳಿಕ ಅನೇಕ ಕೋಣೆಗಳು ಎದ್ದಿವೆ ಎಂಬುದು ನಿಜ. ಆದರೆ ಕಟ್ಟುವುದಕ್ಕೆ ಹಣವುಂಟು, ಕಾಪಾಡುವುದಕ್ಕೆ ಇಲ್ಲ ಎಂಬುದು ನಮ್ಮ ಹಳೆಯ ರೋಗ. ಹೊಸ ಕೋಣೆಗೆ ಶಂಕುಸ್ಥಾಪನೆಯಿದೆ, ಹಾರವಿದೆ, ಅಮೃತಶಿಲೆಯ ಫಲಕವಿದೆ. ಒಡೆದ ಹೆಂಚನ್ನು ಬದಲಾಯಿಸುವುದಕ್ಕೆ ಯಾರೂ ಹಾರ ಹಾಕುವುದಿಲ್ಲ.

ಇದು ಕೇವಲ ಅನುಕೂಲದ ವಿಷಯವಲ್ಲ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲೆಯಲ್ಲಿ ಬೆಂಕಿ ಬಿದ್ದು, ಹುಲ್ಲಿನ ಮಾಡು ಉರಿದು, 94 ಮಕ್ಕಳು ಮಡಿದರು. ಅದು ಖಾಸಗಿಯವರು ನಡೆಸುತ್ತಿದ್ದ ಶಾಲೆ. ಆದರೆ ನೋಡಿ ತಡೆಯಬೇಕಾಗಿದ್ದ ಹೊಣೆ ಸರ್ಕಾರದ್ದು. ಆ ದುರಂತದಿಂದ ಎದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ವಿದ್ಯೆಯ ಹಕ್ಕಿನಲ್ಲಿ ಅಪಾಯವಿಲ್ಲದ ಶಾಲೆಯ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ತೊಂಬತ್ತನಾಲ್ಕು ಜೀವಗಳು ಹೋದಮೇಲೆ ನಮಗೆ ದೊರೆತ ವಾಕ್ಯವಿದು. ಇದನ್ನು ಕಡತದಲ್ಲಿ ಮಲಗಿಸುವುದು ಪಾಪ.

ಮೂರನೆಯದು ನೆರವು. ಇದರಲ್ಲಿ ಹೆಮ್ಮೆಪಡತಕ್ಕ ಸಂಗತಿಗಳೂ ಇವೆ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. 2002ರಲ್ಲಿ ನಮ್ಮಲ್ಲಿ ಅಕ್ಷರ ದಾಸೋಹ ಮೊದಲಾಯಿತು. 2013ರಲ್ಲಿ ಹಾಲು ಕೊಡುವ ಕ್ಷೀರಭಾಗ್ಯವೂ ಸೇರಿತು. ಹಸಿದ ಮಗುವಿಗೆ ವ್ಯಾಕರಣ ಹತ್ತುವುದಿಲ್ಲವೆಂಬುದನ್ನು ಪಾಠಹೇಳಿದವರೆಲ್ಲರೂ ಬಲ್ಲರು. ಆದರೆ ಅಕ್ಕಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ ಬರೆಯುವವರು ಯಾರು? ಮಕ್ಕಳ ವಿವರಗಳನ್ನು ಗಣಕಯಂತ್ರಕ್ಕೆ ತುಂಬುವವರು ಯಾರು? ಪ್ರಾಥಮಿಕ ಶಾಲೆಯಲ್ಲಿ ಸಾಮಾನ್ಯವಾಗಿ ಗುಮಾಸ್ತನೂ ಇಲ್ಲ, ಜವಾನನೂ ಇಲ್ಲ. ಎಲ್ಲವೂ ಮುಖ್ಯೋಪಾಧ್ಯಾಯರ ತಲೆಯ ಮೇಲೆಯೇ. ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ, ಈ ಮೂರನ್ನುಳಿದು ಬೇರೆ ಕೆಲಸಕ್ಕೆ ಉಪಾಧ್ಯಾಯರನ್ನು ಕರೆಯಬಾರದೆಂದು ಅಧಿನಿಯಮ ಹೇಳುತ್ತದೆ. ಆದರೆ ನಮ್ಮಲ್ಲಿ ಯಾವುದಾದರೊಂದು ಚುನಾವಣೆ ಬಾರದ ವರ್ಷವೇ ಅಪರೂಪ!

ಶೌಚಗೃಹದ ವಿಷಯವೂ ಹೀಗೆಯೇ. ಅದು ಇಲ್ಲದ ಕಾರಣಕ್ಕೆ ದೊಡ್ಡವರಾದ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆಂದು ತಿಳಿದು ಗೋಡೆಗಳನ್ನು ಕಟ್ಟಿದರು. ನೀರು ಬರಲಿಲ್ಲ, ತೊಳೆಯುವವರನ್ನು ನೇಮಿಸಲಿಲ್ಲ. ಕೆಲವು ತಿಂಗಳಲ್ಲಿ ಬೀಗ ಬಿದ್ದಿತು. ವರದಿಯಲ್ಲಿ ಮಾತ್ರ ಆ ಶಾಲೆಗೆ ಶೌಚಗೃಹವುಂಟು. ಮಗುವಿಗೆ ಬೇಕಾದದ್ದು ವರದಿಯಲ್ಲಿರುವುದಲ್ಲ, ಬಾಗಿಲು ತೆರೆದಿರುವುದು.

ಇಷ್ಟನ್ನೂ ಹೇಳಿ, ತಪ್ಪೆಲ್ಲವೂ ಸರ್ಕಾರದ್ದೆಂದು ಮುಗಿಸಿದರೆ ನನಗೂ ನಿಮಗೂ ಸುಖವಾಗಿ ನಿದ್ರೆ ಬರಬಹುದು. ಹಾಗೆ ಮುಗಿಸಲು ನನಗೆ ಅಧಿಕಾರವಿಲ್ಲ. ನನ್ನ ಮಗಳು ಓದುತ್ತಿರುವುದು ಸರ್ಕಾರದ ಶಾಲೆಯಲ್ಲಲ್ಲ. ಕಾಲೇಜಿನ ಉಪಾಧ್ಯಾಯ ನಾನು. ಸರ್ಕಾರಿ ಶಾಲೆಯಿಂದ ಮೇಲೆ ಬಂದವನು. ನನ್ನ ಮಗುವಿನ ಸರದಿ ಬಂದಾಗ ಹೆಂಚಿನ ಶಾಲೆಯನ್ನು ಹಾದು ಮುಂದಕ್ಕೆ ಹೋದೆ. ಕಾರಣಗಳನ್ನು ಹೇಳಬಲ್ಲೆ, ಅವು ಸುಳ್ಳೂ ಅಲ್ಲ. ಆದರೆ ನನ್ನಂತೆಯೇ ಅರ್ಜಿ ಬರೆಯಬಲ್ಲವರೂ, ಅಧಿಕಾರಿಯ ಎದುರು ಕುರ್ಚಿಯಲ್ಲಿ ಕುಳಿತು ಮಾತನಾಡಬಲ್ಲವರೂ ಒಬ್ಬೊಬ್ಬರಾಗಿ ಹೊರಟುಹೋದಮೇಲೆ ಆ ಶಾಲೆಯ ಪರವಾಗಿ ಕೇಳುವವರು ಯಾರು? 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಗಳ ಮೇಲುಸ್ತುವಾರಿ ಸಮಿತಿಯೊಂದುಂಟು. ಕೂಲಿಯನ್ನು ಬಿಟ್ಟು ಸಭೆಗೆ ಬರುವ ಆ ತಾಯಿಯ ಮಾತು ಎಷ್ಟು ದೂರ ಕೇಳಿಸೀತು? 2015ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು, ಸರ್ಕಾರಿ ನೌಕರರ ಮಕ್ಕಳು ಸರ್ಕಾರಿ ಶಾಲೆಗಳಲ್ಲಿಯೇ ಓದುವಂತೆ ಕ್ರಮ ಕೈಗೊಳ್ಳಬೇಕೆಂದು ಆದೇಶಿಸಿದಾಗ ಬಹುಮಂದಿ ನಕ್ಕರು. ಆ ಆದೇಶ ನಡೆಯುವಂಥದೋ ಅಲ್ಲವೋ, ಅದರ ಹಿಂದಿನ ತರ್ಕ ನಗುವಂಥದಲ್ಲ.

ನಾಳೆಯೇ ಎಲ್ಲರೂ ಮಕ್ಕಳನ್ನು ಕರೆತನ್ನಿರೆಂದು ನಾನು ಹೇಳಲಾರೆ. ನಾನು ಮಾಡದಿದ್ದುದನ್ನು ಹೇಳಿದರೆ ನೀವು ಕೇಳಬೇಕಾದದ್ದೂ ಇಲ್ಲ. ಆದರೆ ಒಂದು ಬಿನ್ನಹವಿದೆ. ನಿಮ್ಮ ಮನೆಗೆ ಅತಿ ಸಮೀಪವಾದ ಸರ್ಕಾರಿ ಶಾಲೆಗೆ ಒಂದು ದಿನ ಹೋಗಿ ನಾಲ್ಕು ಪ್ರಶ್ನೆ ಕೇಳಿ. ಮಂಜೂರಾದ ಉಪಾಧ್ಯಾಯರೆಷ್ಟು, ಇರುವವರೆಷ್ಟು? ಸೋರುವ ಕೋಣೆಗಳೆಷ್ಟು? ಶೌಚಗೃಹಕ್ಕೆ ನೀರುಂಟೆ, ತೊಳೆಯುವವರುಂಟೆ? ಕಳೆದ ವರ್ಷ ಉಪಾಧ್ಯಾಯರು ಬೇರೆ ಕೆಲಸಕ್ಕೆ ಹೋದ ದಿನಗಳೆಷ್ಟು? ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನು ಇದ್ದೇ ಇದೆ. ದೊರೆತ ಉತ್ತರವನ್ನು ಸಮಿತಿಯ ಮುಂದಿಟ್ಟು, ಅರ್ಜಿಯನ್ನು ನೀವು ಬರೆದುಕೊಡಿ. ಸಹಿಯನ್ನು ಆ ತಾಯಿ ಹಾಕಲಿ.

ಹೋದ ಬೇಸಗೆಯಲ್ಲಿ ಊರಿಗೆ ಹೋಗಿದ್ದಾಗ ನನ್ನ ಹಳೆಯ ಶಾಲೆಯನ್ನು ನೋಡಿಬಂದೆ. ಹೊಸದಾಗಿ ತಾರಸಿಯ ಕೋಣೆಯೊಂದು ಎದ್ದಿದೆ. ಉಪಾಧ್ಯಾಯರು ಈಗಲೂ ಒಬ್ಬರೇ. ಮಳೆ ಬಂದರೆ ಮಕ್ಕಳು ನೆನೆಯುವುದಿಲ್ಲ, ಅಷ್ಟು ಮಟ್ಟಿಗೆ ಸಂತೋಷ. ಆದರೆ ನಾನು ಹೋದಾಗ ಆ ಉಪಾಧ್ಯಾಯರು ಯಾವುದೋ ಪಟ್ಟಿಯನ್ನು ತುಂಬುತ್ತ ಕುಳಿತಿದ್ದರು. ಒಳಗಿನಿಂದ ಮಕ್ಕಳು ತಾವೇ ಮಗ್ಗಿ ಹೇಳಿಕೊಳ್ಳುತ್ತಿರುವುದು ಕೇಳಿಸುತ್ತಿತ್ತು.